ಮಗ್ಗಲು ಹೊರಳಿದರೆ ಮನೆ ತಿರುಗುತ್ತಿತ್ತು: ಅವ್ವನ ತಲೆಸುತ್ತಿನ ಐದು ವಾರ

ಏಪ್ರಿಲ್ ಮೊದಲ ವಾರದ ಒಂದು ನಸುಕಿನಲ್ಲಿ ಅವ್ವ ಬಲ ಮಗ್ಗಲಿಗೆ ಹೊರಳಿದಳು. "ಮನಿ ಗಿರ್ರನ ತಿರಗಾಕತ್ತೈತಿ, ಹಿಡಕೋ ತಮ್ಮಾ" ಅಂತ ಮಂಚದ ಪಟ್ಟಿ ಹಿಡಿದುಕೊಂಡಳು. ಅರ್ಧ ನಿಮಿಷದಲ್ಲಿ ನಿಂತಿತು. ಎದ್ದು ಕೂತಾಗ ಮತ್ತೆ ತಿರುಗಿತು, ವಾಂತಿಯಾಯಿತು. ಅಲ್ಲಿಂದ ಐದು ವಾರ, ನಾಲ್ಕು ದವಾಖಾನೆ, ಮಾತ್ರೆಗಳ ಲೆಕ್ಕ ಬಿಟ್ಟು ₹7,630 ಖರ್ಚು. ವಾಸಿ ಮಾಡಿದ್ದು ಮಾತ್ರ ಮಂಚದ ಮೇಲೆ ತಲೆಯನ್ನು ಕ್ರಮವಾಗಿ ಹೊರಳಿಸುವ ಐದು ನಿಮಿಷದ ಒಂದು ವಿಧಾನ. ಸಿಂಧನೂರು ಸೀಮೆಯಲ್ಲಿ ಇಷ್ಟು ವರ್ಷ ಮೆಡಿಕಲ್ ಅಂಗಡಿಯಲ್ಲಿ ನಿಂತು ತಲೆಸುತ್ತಿನ ಮಾತ್ರೆ ಕೊಟ್ಟ ನನಗೂ ಆ ವಿಧಾನವನ್ನು ಕಣ್ಣಾರೆ ಕಾಣುವುದಕ್ಕೆ ಐದನೇ ವಾರ ಬರಬೇಕಾಯಿತು. ಬೇರೆ ಮನೆಗಳಿಗೆ ಅಷ್ಟು ದಿನ ಹಿಡಿಯಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲ ದಿನ ಎಲ್ಲರ ಬಾಯಲ್ಲೂ ಪಿತ್ತ. ನೆರೆಮನೆಯ ಅಕ್ಕ ಲಿಂಬೆ ಪಾನಕಕ್ಕೆ ಹಸಿಶುಂಠಿ ಜಜ್ಜಿ ಹಾಕಿ ತಂದರು, ಓಣಿಯ ಹಿರಿಯರು ಬಿಸಿಲು ಬಡಿದಿದೆ ಅಂದರು. ಹತ್ತಿರದ ದವಾಖಾನೆಯಲ್ಲಿ ಬಿಪಿ 160/90 ಬಂತು. ಗ್ಲೂಕೋಸ್ ಬಾಟ್ಲಿ, ವಾಂತಿ ನಿಲ್ಲುವ ಇಂಜೆಕ್ಷನ್, ₹650. ಎರಡು ತಾಸು ಅಲುಗಾಡದೆ ಮಲಗಿದ್ದ ಅವ್ವ "ಬಾಟ್ಲಿ ಹಾಕಿದ ಮ್ಯಾಲೆ ಆರಾಮಾತು" ಅಂದಳು. ಮರುದಿನ ನಸುಕಿನಲ್ಲಿ ಮತ್ತೆ ಅದೇ.

ಇಲ್ಲಿ ಎರಡು ಮಾತು ತಿಳಿದಿರಲಿ. ಹೆದರಿಕೆ ಮತ್ತು ವಾಂತಿಯಿಂದಲೇ ಆ ಹೊತ್ತಿಗೆ ಬಿಪಿ ಏರುತ್ತದೆ. ಒಂದೇ ಅಳತೆ ನೋಡಿ ಬಿಪಿಯಿಂದ ತಲೆ ತಿರುಗಿತು ಅನ್ನಬಾರದು, ಹೊಸದಾಗಿ ಬಿಪಿ ಗುಳಿಗೆಯನ್ನೂ ಶುರು ಮಾಡಬಾರದು. ಎರಡನೆಯದು, ಈ ಜಾತಿಯ ತಲೆಸುತ್ತು ಅಲುಗಾಡದೆ ಮಲಗಿದರೆ ತಾನೇ ನಿಲ್ಲುತ್ತದೆ. ಬಾಟ್ಲಿ ಹಾಕಿಸಿಕೊಂಡವರು ಹೇಗೂ ಕೈ ಅಲುಗಿಸದೆ ಮಲಗಿರುತ್ತಾರೆ, ಹಾಗಾಗಿ ಗುಣ ಬಾಟ್ಲಿಯ ಲೆಕ್ಕಕ್ಕೆ ಹೋಗುತ್ತದೆ. ತುಂಬಾ ವಾಂತಿಯಾಗಿ ನಾಲಿಗೆ ಒಣಗಿದ್ದರೆ ಬಾಟ್ಲಿ ಬೇಕು, ಇಲ್ಲದಿದ್ದರೆ ಓಆರ್‌ಎಸ್ ಸಾಕು.

ಮೂರನೇ ದಿನ ರಕ್ತ, ಸಕ್ಕರೆ, ಇಸಿಜಿ ಮಾಡಿಸಿದೆವು, ₹1,150. ಸಕ್ಕರೆ ಸರಿಯಿತ್ತು, ಇಸಿಜಿ ಸರಿಯಿತ್ತು, ಹಿಮೋಗ್ಲೋಬಿನ್ 10.2. ರಕ್ತ ಕಡಿಮೆಯಿದ್ದರೆ ಸುಸ್ತು ಬರುತ್ತದೆ, ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ. ಮಗ್ಗಲು ಬದಲಿಸಿದಾಗ ಮನೆ ತಿರುಗುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಆದರೂ ಕಬ್ಬಿಣಾಂಶದ ಗುಳಿಗೆ ಬಂತು. ಅದು ಹೇಗೂ ಬೇಕಿತ್ತು, ಅದಕ್ಕೆ ಬೇಸರವಿಲ್ಲ.

ಐದನೇ ದಿನದ್ದು ಕುತ್ತಿಗೆ. ಎಕ್ಸ್‌ರೇಯಲ್ಲಿ ಐದನೇ ಮತ್ತು ಆರನೇ ಕತ್ತಿನ ಮೂಳೆಯ ನಡುವೆ ಸವೆತ ಕಂಡಿತು. "ಕುತ್ತಿಗಿ ಮೂಳಿ ಸವದೈತಿ, ನರ ಒತ್ತತೈತಿ, ಅದಕ್ಕ ಚಕ್ಕರ" ಅಂದರು. ಚೀಟಿ, ಎಕ್ಸ್‌ರೇ, ಕೊರಳಪಟ್ಟಿ ಸೇರಿ ₹1,050. ಒಂಬತ್ತು ದಿನ ಅವ್ವ ಏಪ್ರಿಲ್ ಬಿಸಿಲಿನಲ್ಲಿ ಕೊರಳಪಟ್ಟಿ ಕಟ್ಟಿಕೊಂಡು ಕೂತಳು. ಕತ್ತಿನ ಸುತ್ತ ಬೆವರುಸಾಲೆ ಎದ್ದಿತು. ತಲೆಸುತ್ತು ಮಾತ್ರ ಕಡಿಮೆಯಾಯಿತು, ನಮಗೆಲ್ಲ ಕಾರಣ ಸಿಕ್ಕಿತು ಅಂತ ಸಮಾಧಾನ. ಪಟ್ಟಿ ಬಿಚ್ಚಿ, ನೆಲುವಿನ ಮೇಲಿನ ಗಡಿಗೆ ತೆಗೆಯಲು ಕತ್ತು ಮೇಲೆತ್ತಿದ ಹೊತ್ತಿಗೆ ಗೋಡೆ ಹಿಡಿದು ಕುಸಿದಳು.

ಈ ಪಟ್ಟಿಯ ವಿಷಯ ನಮ್ಮ ಸೀಮೆಯಲ್ಲಿ ಮನೆಮನೆಯ ಕಥೆಯಾದ್ದರಿಂದ ಬಿಡಿಸಿ ಹೇಳುತ್ತೇನೆ. ಐವತ್ತು ದಾಟಿದವರ ಕತ್ತಿನ ಎಕ್ಸ್‌ರೇ ತೆಗೆದರೆ ಹೆಚ್ಚಿನವರಲ್ಲಿ ಸವೆತ ಕಾಣುತ್ತದೆ, ತಲೆಸುತ್ತು ಇಲ್ಲದವರಲ್ಲೂ ಕಾಣುತ್ತದೆ. ಸವೆತದಿಂದ ಕತ್ತು ನೋಯುತ್ತದೆ, ಕೈಗೆ ಜೋಮು ಹಿಡಿಯುತ್ತದೆ. ಹಾಸಿಗೆಯಲ್ಲಿ ಹೊರಳಿದಾಗ ಕೋಣೆ ತಿರುಗಿಸುವುದು ಅದರ ಕೆಲಸವಲ್ಲ. ಪಟ್ಟಿ ಕಟ್ಟಿದಾಗ ಕಡಿಮೆಯಾದದ್ದು ತಲೆ ತಿರುಗಿಸಲು ಬಿಡದ ಕಾರಣಕ್ಕೆ. ಗುಣವಾದ ಹಾಗೆ ಕಾಣುತ್ತದೆ, ಒಳಗಿನ ದೋಷ ಇದ್ದಲ್ಲೇ ಇರುತ್ತದೆ.

ಮೂರನೇ ವಾರ ಪಾರ್ಶ್ವವಾಯುವಿನ ಭಯ. ಸಂಬಂಧಿಕರೊಬ್ಬರು "ಮಿದುಳಿನ್ಯಾಗ ರಕ್ತ ಹೆಪ್ಪುಗಟ್ಟಿದ್ರ ಹಿಂಗಾಗತೈತಿ" ಅಂದ ಮೇಲೆ ಮನೆಯಲ್ಲಿ ಯಾರಿಗೂ ನಿದ್ದೆ ಬರಲಿಲ್ಲ. ಇನ್ನೊಂದು ದವಾಖಾನೆಯಲ್ಲಿ ಸಿ.ಟಿ. ಸ್ಕ್ಯಾನ್ ₹2,500, ಫೀಸು ₹400. ವರದಿ ಸರಿಯಿತ್ತು. ಎಂಆರ್‌ಐ ಮಾಡಿಸಿ ಅಂದರು, ದರ ₹7,000. ಅದನ್ನು ತಡೆದೆವು.

ತಡೆಯಬೇಕೇ ಬೇಡವೇ ಅನ್ನುವುದನ್ನು ದುಡ್ಡು ನೋಡಿ ತೀರ್ಮಾನಿಸಬಾರದು, ಲಕ್ಷಣ ನೋಡಿ ತೀರ್ಮಾನಿಸಬೇಕು. ತಲೆಸುತ್ತಿನ ಜೊತೆ ಮಾತು ತೊದಲುವುದು, ಒಂದು ಎರಡಾಗಿ ಕಾಣುವುದು, ಬಾಯಿ ಸೊಟ್ಟಗಾಗುವುದು, ಒಂದು ಪಕ್ಕದ ಕೈಕಾಲಿನ ಶಕ್ತಿ ಹೋಗುವುದು, ನುಂಗಲು ಕಷ್ಟವಾಗುವುದು, ಹಿಂದೆಂದೂ ಇಲ್ಲದ ತಲೆನೋವು, ಒಮ್ಮೆಲೇ ಒಂದು ಕಿವಿ ಕೇಳಿಸದೆ ಹೋಗುವುದು, ಆಸರೆ ಕೊಟ್ಟರೂ ನಿಲ್ಲಲಾಗದಿರುವುದು: ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಕರೆ ಮಾಡಿ. ಶುರುವಾದ ಗಂಟೆಯನ್ನು ಬರೆದಿಟ್ಟುಕೊಳ್ಳಿ, ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಸಾಮಾನ್ಯವಾಗಿ ನಾಲ್ಕೂವರೆ ತಾಸಿನ ಗಡುವು ಇದೆ. ಬಿಪಿ, ಸಕ್ಕರೆ ಇರುವವರಿಗೆ, ಬೀಡಿ ಸೇದುವವರಿಗೆ ತಲೆಸುತ್ತು ಬಂದು ಬಿಡದೆ ತಾಸುಗಟ್ಟಲೆ ಮುಂದುವರಿದರೆ ಬೇರೆ ಲಕ್ಷಣ ಇಲ್ಲದಿದ್ದರೂ ತೋರಿಸಬೇಕು. ಮಿದುಳಿನ ಹಿಂಭಾಗದ ಸಣ್ಣ ಪಾರ್ಶ್ವವಾಯು ಮೊದಲ ದಿನದ ಸಿ.ಟಿ.ಯಲ್ಲಿ ತಪ್ಪಿಹೋಗಬಹುದು, ಆಗ ಎಂಆರ್‌ಐ ಬೇಕೇ ಬೇಕು. ಅವ್ವನಿಗೆ ಇವು ಯಾವುವೂ ಇರಲಿಲ್ಲ. ಒಂದೊಂದು ಸುತ್ತು ನಿಮಿಷದೊಳಗೆ ಮುಗಿಯುತ್ತಿತ್ತು, ನಡುವಿನ ಹೊತ್ತಿನಲ್ಲಿ ನೆಟ್ಟಗೆ ನಡೆಯುತ್ತಿದ್ದಳು.

ನಾಲ್ಕನೇ ವಾರ ನಾವು ಒಂದು ನೋಟ್‌ಬುಕ್ ಇಟ್ಟೆವು. ಈ ಇಡೀ ಅಲೆದಾಟದಲ್ಲಿ ಬಹಳ ಉಪಯೋಗಕ್ಕೆ ಬಂದದ್ದು ಅದೇ. ನಮ್ಮ ಕಡೆ ಚಕ್ಕರ ಅನ್ನುವ ಒಂದೇ ಮಾತಿನೊಳಗೆ ಮೂರು ಬೇರೆ ಬೇರೆ ತೊಂದರೆ ಸೇರಿಕೊಂಡಿವೆ. ಸುತ್ತಲಿನ ಗೋಡೆ, ಜಂತಿ ತಿರುಗಿದ ಹಾಗಾಗುವುದು ಒಂದು. ಕಣ್ಣಿಗೆ ಕತ್ತಲೆ ಬಂದು ಬಿದ್ದುಹೋಗುವ ಹಾಗಾಗುವ ಬವಳಿ ಇನ್ನೊಂದು. ಏನೂ ತಿರುಗದೆ ಕಾಲು ಮಾತ್ರ ಜೋಲಿ ಹೋಗುವುದು ಮೂರನೆಯದು. ಮೊದಲನೆಯದರ ಬೇರು ಹೆಚ್ಚಾಗಿ ಒಳಕಿವಿಯಲ್ಲಿ, ಎರಡನೆಯದರದ್ದು ರಕ್ತದೊತ್ತಡ, ಹೃದಯ, ನೀರಿನಂಶದಲ್ಲಿ, ಮೂರನೆಯದರದ್ದು ನರ, ದೃಷ್ಟಿ, ಮಂಡಿಗಳಲ್ಲಿ. ಡಾಕ್ಟರ ಮುಂದೆ ಬರೀ "ಚಕ್ಕರ ಬರತೈತ್ರಿ" ಅಂದರೆ ಅವರು ಎತ್ತ ಹೋಗಬೇಕು? ನೋಟ್‌ಬುಕ್ಕಿನಲ್ಲಿ ಐದು ಅಂಕಣ ಹಾಕಿದೆವು: ದಿನ ಮತ್ತು ಹೊತ್ತು, ಏನು ಮಾಡುವಾಗ ಬಂತು, ಎಷ್ಟು ಸೆಕೆಂಡು ಇತ್ತು, ಕಿವಿಯಲ್ಲಿ ಶಬ್ದ ಅಥವಾ ಕಿವುಡು ಇತ್ತೇ, ತಲೆನೋವು ಇತ್ತೇ. ಸೆಕೆಂಡನ್ನು ಊಹಿಸಬೇಡಿ, ಮೊಬೈಲಿನ ಗಡಿಯಾರದಲ್ಲಿ ಅಳೆಯಿರಿ. ತಿರುಗುವಾಗ ಹತ್ತು ಸೆಕೆಂಡು ಹತ್ತು ನಿಮಿಷದ ಹಾಗೆ ಅನಿಸುತ್ತದೆ. ಸಾಧ್ಯವಿದ್ದರೆ ಆ ಹೊತ್ತಿನಲ್ಲಿ ಕಣ್ಣನ್ನು ಹತ್ತಿರದಿಂದ ವೀಡಿಯೊ ಮಾಡಿ, ಕಣ್ಣುಗುಡ್ಡೆ ಯಾವ ಕಡೆ ಜಗ್ಗುತ್ತದೆ ಅನ್ನುವುದೇ ಡಾಕ್ಟರಿಗೆ ದೊಡ್ಡ ಸುಳಿವು. ಆರು ದಿನದ ಬರಹ ನೋಡಿದರೆ ಚಿತ್ರ ನಿಚ್ಚಳವಾಗಿತ್ತು: ಬಲಕ್ಕೆ ಹೊರಳಿದಾಗ, ಮಲಗುವಾಗ, ಏಳುವಾಗ, ಮೇಲೆ ನೋಡಿದಾಗ, ಒಲೆ ಮುಂದೆ ಬಗ್ಗಿದಾಗ. 20ರಿಂದ 40 ಸೆಕೆಂಡು. ಕಿವಿಯ ತೊಂದರೆ ಇಲ್ಲ.

ಅದನ್ನು ಹಿಡಿದುಕೊಂಡು ಬಳ್ಳಾರಿಯ ಕಿವಿ-ಮೂಗು-ಗಂಟಲು ಡಾಕ್ಟರ ಹತ್ತಿರ ಹೊರಟೆವು, ಸಿರುಗುಪ್ಪದ ದಾರಿಯಲ್ಲಿ. ಅವ್ವನಿಗೆ ಶಕ್ತಿ ಯೋಜನೆಯಲ್ಲಿ ಟಿಕೆಟ್ ದುಡ್ಡಿಲ್ಲ, ಆಧಾರ್ ಜೊತೆಗಿರಬೇಕು ಅಷ್ಟೆ. ನನ್ನ ಬಸ್ ಚಾರ್ಜು ಎರಡು ಸಲ ಹೋಗಿಬಂದದ್ದಕ್ಕೆ ₹480, ಆಟೋಗೆ ₹200. ತಲೆಸುತ್ತು ಇರುವವರನ್ನು ಬಸ್ಸಿನಲ್ಲಿ ಮುಂದಿನ ಸೀಟಿನಲ್ಲಿ, ಕಿಟಕಿಯ ಪಕ್ಕ, ದೂರದ ರಸ್ತೆ ಕಾಣುವ ಹಾಗೆ ಕೂರಿಸಿ. ಹೊರಡುವ ಮುಂಚೆ ಒಂದು ಇಡ್ಲಿಯಷ್ಟು ತಿಂದರೆ ಸಾಕು.

ಹೋಗುವ ಎರಡು ದಿನ ಮುಂಚೆ ಡಾಕ್ಟರಿಗೆ ಫೋನಿನಲ್ಲಿ ಕೇಳಿ ತಲೆಸುತ್ತಿನ ಗುಳಿಗೆ ನಿಲ್ಲಿಸಿದ್ದೆವು. ಇದು ಗೊತ್ತಿಲ್ಲದೆ ಬಂದ ಒಬ್ಬರನ್ನು ನಮ್ಮೆದುರೇ ಕಣ್ಣಿನ ಚಲನೆಯ ಯಂತ್ರ ಪರೀಕ್ಷೆಗೆ ಗುಳಿಗೆ ನಿಲ್ಲಿಸಿ 48 ತಾಸಾದ ಮೇಲೆ ಬನ್ನಿ ಅಂತ ವಾಪಸು ಕಳಿಸಿದರು. ಸಿನ್ನರಿಜಿನ್, ಪ್ರೋಕ್ಲೋರ್‌ಪೆರಜಿನ್ ಥರದ ಗುಳಿಗೆಗಳು ಒಳಕಿವಿಯ ಸಂಕೇತವನ್ನು ಮಬ್ಬು ಮಾಡುತ್ತವೆ, ಪರೀಕ್ಷೆಯಲ್ಲಿ ಕಾಣಬೇಕಾದ ಕಣ್ಣಿನ ಚಲನೆ ಅಡಗಿಹೋಗುತ್ತದೆ. ಬಿಪಿ, ಸಕ್ಕರೆ, ಫಿಟ್ಸ್, ಹೃದಯದ ಗುಳಿಗೆಗಳನ್ನು ಮಾತ್ರ ನಿಲ್ಲಿಸಬಾರದು.

ಸರ್ಕಾರಿ ಆಸ್ಪತ್ರೆಗೆ ಹೋಗುವವರು ಆಧಾರ್, ರೇಷನ್ ಕಾರ್ಡು, ಹಳೆಯ ಚೀಟಿಗಳನ್ನು ಒಯ್ಯಿರಿ; ನುಂಗುತ್ತಿರುವ ಗುಳಿಗೆಗಳ ಹೆಸರು ಬರೆದುಕೊಳ್ಳುವ ಬದಲು ಎಲ್ಲ ಗುಳಿಗೆಗಳ ಸ್ಟ್ರಿಪ್ಪುಗಳನ್ನೇ ಒಂದು ಚೀಲದಲ್ಲಿ ಹಾಕಿಕೊಳ್ಳಿ. ಬಳ್ಳಾರಿಗೆ ದೂರವಾದರೆ ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್ ಸರ್ಕಾರಿ ಮೆಡಿಕಲ್ ಕಾಲೇಜುಗಳಿವೆ. ಕೇಳಬೇಕಾದದ್ದು ಕಿವಿ-ಮೂಗು-ಗಂಟಲು ವಿಭಾಗ. ಆಯುಷ್ಮಾನ್ ಕಾರ್ಡು ಹೊರರೋಗಿಯ ಪರೀಕ್ಷೆಗೆ ಸಾಮಾನ್ಯವಾಗಿ ಆಗುವುದಿಲ್ಲ, ಒಳರೋಗಿಯಾಗಿ ಸೇರಿಸಬೇಕಾದರೆ ಉಪಯೋಗ.

ಡಾಕ್ಟರು ನೋಟ್‌ಬುಕ್ ಓದಿ, "ಯವ್ವಾ, ಬಲಕ್ಕ ಹೊರಳಿದ್ರ ಬರತೈತೇನು?" ಅಂತ ಒಂದೇ ಪ್ರಶ್ನೆ ಕೇಳಿ, ಮಂಚದ ಮೇಲೆ ಕಾಲು ಚಾಚಿ ಕೂರಿಸಿದರು. ತಲೆಯನ್ನು 45 ಡಿಗ್ರಿ ಬಲಕ್ಕೆ ತಿರುಗಿಸಿ, ಎರಡೂ ಕೈಯಲ್ಲಿ ಹಿಡಿದು, ಒಮ್ಮೆಲೇ ಹಿಂದಕ್ಕೆ ಮಲಗಿಸಿದರು. ತಲೆ ಮಂಚದ ಅಂಚಿನಿಂದ ಸುಮಾರು 20 ಡಿಗ್ರಿ ಕೆಳಕ್ಕೆ ಇಳಿದಿತ್ತು. ನಾಲ್ಕೈದು ಸೆಕೆಂಡು ಏನೂ ಇಲ್ಲ. ಆಮೇಲೆ ಅವ್ವ ಚೀರಿದಳು, ಕಣ್ಣುಗುಡ್ಡೆಗಳು ಮೇಲಕ್ಕೆ ಜಗ್ಗುತ್ತ ಬುಗುರಿಯ ಹಾಗೆ ಸುತ್ತಿದವು. 25 ಸೆಕೆಂಡಿಗೆ ನಿಂತವು. ಇದಕ್ಕೆ ಡಿಕ್ಸ್-ಹಾಲ್‌ಪೈಕ್ ಪರೀಕ್ಷೆ ಅನ್ನುತ್ತಾರೆ, 1952ರಿಂದ ಇದೆ. ಯಂತ್ರ ಬೇಡ, ಒಂದು ಮಂಚ ಮತ್ತು ನೋಡಬಲ್ಲ ಎರಡು ಕಣ್ಣು ಸಾಕು. ಎಡಕ್ಕೆ ಮಾಡಿದಾಗ ಏನೂ ಆಗಲಿಲ್ಲ. ದೋಷ ಬಲಗಿವಿಯಲ್ಲಿ. ಕಾಯಿಲೆಯ ಹೆಸರು ಚಿಕ್ಕದಾಗಿ ಬಿಪಿಪಿವಿ, ಅಂದರೆ ತಲೆಯ ಭಂಗಿ ಬದಲಾದಾಗ ಒಮ್ಮೆಲೇ ಬಂದು ಹೋಗುವ, ಪ್ರಾಣಾಪಾಯವಿಲ್ಲದ ತಲೆಸುತ್ತು.

ಒಳಕಿವಿಯ ಒಂದು ಚೀಲದಲ್ಲಿ ಸುಣ್ಣದ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟಿನ, ಧೂಳಿನಷ್ಟು ಸಣ್ಣ ಹರಳುಗಳಿರುತ್ತವೆ. ವಯಸ್ಸು, ತಲೆಗೆ ಬಿದ್ದ ಪೆಟ್ಟು, ಬಹುದಿನ ಹಾಸಿಗೆ ಹಿಡಿಯುವುದು, ಎಷ್ಟೋ ಸಲ ಯಾವ ಕಾರಣವೂ ಕಾಣದೆ, ಕೆಲವು ಹರಳು ಕಳಚಿ ಪಕ್ಕದ ಅರ್ಧವೃತ್ತಾಕಾರದ ನಾಳಕ್ಕೆ ಜಾರುತ್ತವೆ. ಹೆಚ್ಚಾಗಿ ಹಿಂದಿನ ನಾಳಕ್ಕೆ, ಮಲಗಿದಾಗ ಅದೇ ಕೆಳಗಿರುವುದರಿಂದ. ತಲೆ ಅಲುಗಿದಾಗ ಹರಳು ಉರುಳಿ ನಾಳದ ದ್ರವವನ್ನು ಎಳೆಯುತ್ತದೆ, ತಲೆ ನಿಂತರೂ ತಿರುಗುತ್ತಿದೆ ಎಂಬ ಸುಳ್ಳು ಸುದ್ದಿ ಮಿದುಳಿಗೆ ಹೋಗುತ್ತದೆ. ಹರಳು ತಳ ಸೇರಿದ ಕೂಡಲೇ ಸುದ್ದಿ ನಿಲ್ಲುತ್ತದೆ. ಸೆಕೆಂಡುಗಳಲ್ಲಿ ಮುಗಿಯುವುದು ಅದಕ್ಕೇ. ಗುಳಿಗೆಯಿಂದ ಹರಳು ಸರಿಯುವುದಿಲ್ಲ, ತಲೆಯನ್ನು ತಕ್ಕ ಕೋನದಲ್ಲಿ ಹೊರಳಿಸಿ ಅದನ್ನು ಬಂದ ದಾರಿಯಲ್ಲಿ ವಾಪಸು ಕಳಿಸಬೇಕು. ಅಮೆರಿಕದ ವೈದ್ಯ ಜಾನ್ ಎಪ್ಲಿ ರೂಪಿಸಿದ ವಿಧಾನ ಅದನ್ನೇ ಮಾಡುತ್ತದೆ.

ಬಲಗಿವಿಗೆ ಅವರು ಮಾಡಿದ್ದು ಹೀಗೆ. ತಲೆ ಬಲಕ್ಕೆ 45 ಡಿಗ್ರಿ ತಿರುಗಿಸಿ ಹಿಂದಕ್ಕೆ ಮಲಗಿಸಿದ್ದು, ತಲೆ ಇಳಿಬಿದ್ದೇ ಇರಬೇಕು. ತಿರುಗುವುದು ನಿಂತ ಮೇಲೂ ಅರ್ಧ ನಿಮಿಷ ಹಾಗೇ. ಆಮೇಲೆ ತಲೆಯನ್ನು ಎತ್ತದೆ, ಇಳಿಬಿದ್ದಂತೆಯೇ ಎಡಕ್ಕೆ 90 ಡಿಗ್ರಿ, ಮತ್ತೆ ಒಂದು ನಿಮಿಷ. ಈಗ ಇಡೀ ಮೈಯನ್ನು ಎಡ ಭುಜದ ಮೇಲೆ ಹೊರಳಿಸಿ ತಲೆಯನ್ನು ಇನ್ನೂ 90 ಡಿಗ್ರಿ, ಮೂಗು ನೆಲ ನೋಡುವ ಹಾಗೆ. ಇಲ್ಲಿ ಅವ್ವನಿಗೆ ಮತ್ತೊಮ್ಮೆ ತಿರುಗಿತು. ಹರಳು ಸರಿಯಾದ ಕಡೆ ಹರಿಯುತ್ತಿದೆ ಅಂದರು. ಒಂದು ನಿಮಿಷ ಆದ ಮೇಲೆ ಎಡಮಗ್ಗಲಿನಿಂದಲೇ ಕಾಲು ಕೆಳಗಿಳಿಸಿ, ಗದ್ದವನ್ನು ಎದೆಯ ಕಡೆ ಸ್ವಲ್ಪ ಬಾಗಿಸಿ ಎಬ್ಬಿಸಿದರು. ಎಬ್ಬಿಸಿದಾಗ ಹಿಂದಕ್ಕೆ ಎಳೆದ ಹಾಗಾಗಿ ಬೀಳುವ ಸಂಭವ ಉಂಟು, ಎರಡೂ ಭುಜ ಹಿಡಿದುಕೊಂಡಿರಬೇಕು. ಹತ್ತು ನಿಮಿಷ ಕೂರಿಸಿ ಕಳಿಸಿದರು. ಎಡಗಿವಿಯ ದೋಷವಾದರೆ ಎಲ್ಲವೂ ತಿರುವುಮುರುವು.

ತಪ್ಪುವುದು ಎಲ್ಲಿ ಅನ್ನುವುದನ್ನೂ ಕೇಳಿ ಬರೆದುಕೊಂಡೆ. ಎರಡನೇ ಹಂತದಿಂದ ಮೂರನೆಯದಕ್ಕೆ ಹೋಗುವಾಗ ಹೆದರಿಕೆಯಿಂದ ತಲೆ ಎತ್ತಿದರೆ ಹರಳು ಮರಳಿ ಬರುತ್ತದೆ. ಮನೆಯಲ್ಲಿ ದಿಂಬನ್ನು ತಲೆಯ ಕೆಳಗೆ ಇಡುತ್ತಾರೆ, ಅದು ಭುಜದ ಕೆಳಗಿರಬೇಕು, ತಲೆ ಅದರಾಚೆ ಇಳಿಯಬೇಕು. ಭುಜ ಹೊರಳುತ್ತದೆ, ಮೂಗು ಮಾತ್ರ ಮೇಲೆಯೇ ನೋಡುತ್ತಿರುತ್ತದೆ. ಕಣ್ಣು ಮುಚ್ಚಿಕೊಳ್ಳುತ್ತಾರೆ, ಆಗ ನೋಡುವವರಿಗೆ ಏನೂ ತಿಳಿಯುವುದಿಲ್ಲ. ಎಲ್ಲಕ್ಕಿಂತ ದೊಡ್ಡ ತಪ್ಪು ಯಾವ ಕಿವಿ ಅಂತ ಪರೀಕ್ಷಿಸದೆ ಅಂದಾಜಿನ ಮೇಲೆ ಮಾಡುವುದು. ಕತ್ತಿನ ಶಸ್ತ್ರಚಿಕಿತ್ಸೆಯಾದವರು, ಕತ್ತಿನ ರಕ್ತನಾಳ ಕಟ್ಟಿಕೊಂಡವರು, ಕಣ್ಣಿನ ಅಕ್ಷಿಪಟಲ ಕಳಚಿದವರು ಇದನ್ನು ಮನೆಯಲ್ಲಿ ಮಾಡಲೇಬಾರದು. ಅಂಥವರಿಗೆ ಕತ್ತು ಹಿಂದಕ್ಕೆ ಬಾಗಿಸದೆ ಪಕ್ಕಕ್ಕೆ ಮಲಗಿಸುವ ಬೇರೆ ವಿಧಾನಗಳನ್ನು ಡಾಕ್ಟರು ಆರಿಸುತ್ತಾರೆ.

ಅವತ್ತೇ ಪೂರ್ತಿ ವಾಸಿಯಾಗಲಿಲ್ಲ. ಗಿರ್ರನೆ ತಿರುಗುವುದು ಮುಕ್ಕಾಲು ಪಾಲು ಹೋಯಿತು, ಎರಡು ದಿನ ಹತ್ತಿಯ ಗಂಟಿನ ಮೇಲೆ ನಡೆದ ಹಾಗೆ ಅವ್ವ ತೂಗಾಡಿದಳು. ಹೀಗಾಗುವುದು ಸಹಜ. ಒಂದು ವಾರ ಕೂತೇ ಮಲಗಬೇಕು, ಒಂದೇ ಮಗ್ಗಲಲ್ಲಿ ಮಲಗಬೇಕು ಎಂದು ಊರಲ್ಲಿ ಹಲವರು ಹೇಳಿದರು. ಅದು ಬೇಕಿಲ್ಲ, 2017ರ ಅಮೆರಿಕದ ಕಿವಿ-ಮೂಗು-ಗಂಟಲು ತಜ್ಞರ ಮಾರ್ಗಸೂಚಿ ಅದನ್ನು ಕೈಬಿಟ್ಟಿದೆ. ಇದೇ ಮಾರ್ಗಸೂಚಿ ಬಿಪಿಪಿವಿಗೆ ಸುಮ್ಮನೆ ಸ್ಕ್ಯಾನ್ ಬೇಡ, ತಲೆಸುತ್ತಿನ ಗುಳಿಗೆ ವಾಡಿಕೆಯಾಗಿ ಬೇಡ ಎಂದೂ ಹೇಳುತ್ತದೆ. ವಾರದ ಮೇಲೆ ಹೋದಾಗ ಪರೀಕ್ಷೆಯಲ್ಲಿ ಸ್ವಲ್ಪ ಉಳಿದಿತ್ತು, ಇನ್ನೊಮ್ಮೆ ಹೊರಳಿಸಿದರು. ಅಲ್ಲಿಗೆ ನಿಂತಿತು. ಎರಡು ಮೂರು ಸಲಕ್ಕೂ ಹೋಗದಿದ್ದರೆ, ಅಥವಾ ಮಲಗಿ ಎರಡೂ ಕಡೆ ಹೊರಳಿದಾಗ ಕಣ್ಣು ಅಡ್ಡಡ್ಡ ಜಗ್ಗಿದರೆ, ಹರಳು ಅಡ್ಡನಾಳದಲ್ಲಿರಬಹುದು. ಅದಕ್ಕೆ ಎಪ್ಲಿ ಕೆಲಸ ಮಾಡದು, ಮಲಗಿದಲ್ಲೇ 90 ಡಿಗ್ರಿಯಂತೆ ಪೂರಾ ಒಂದು ಸುತ್ತು ಉರುಳಿಸುವ ಬೇರೆ ವಿಧಾನವಿದೆ.

ಕೊನೆಯ ಖರ್ಚು ವಿಟಮಿನ್ ಡಿ ಪರೀಕ್ಷೆ, ₹1,200. ಮಿಲಿಲೀಟರಿಗೆ 11 ನ್ಯಾನೊಗ್ರಾಂ ಬಂತು, 20ಕ್ಕಿಂತ ಕಡಿಮೆ ಅಂದರೆ ಕೊರತೆ. ಬಿಸಿಲಿನ ನಾಡಿನಲ್ಲಿ ಹೇಗೆ ಅಂತ ಆಶ್ಚರ್ಯವಾಯಿತು. ಆದರೆ ತಲೆತುಂಬ ಸೆರಗು, ಮೈತುಂಬ ಬಟ್ಟೆ, ಮಧ್ಯಾಹ್ನ ಪೂರ್ತಿ ಮನೆಯೊಳಗೆ ಇರುವವರ ಚರ್ಮಕ್ಕೆ ಬಿಸಿಲು ಎಲ್ಲಿ ಸೋಕುತ್ತದೆ? 2020ರಲ್ಲಿ ಪ್ರಕಟವಾದ ದಕ್ಷಿಣ ಕೊರಿಯಾದ ಅಧ್ಯಯನದಲ್ಲಿ, ಕೊರತೆ ಇದ್ದವರಿಗೆ ದಿನಕ್ಕೆರಡು ಸಲ 400 ಯೂನಿಟ್ ವಿಟಮಿನ್ ಡಿ, 500 ಮಿಲಿಗ್ರಾಂ ಕ್ಯಾಲ್ಸಿಯಂ ಕೊಟ್ಟಾಗ ತಲೆಸುತ್ತು ಮರುಕಳಿಸುವುದು ಸುಮಾರು ಕಾಲುಭಾಗ ಇಳಿದಿತ್ತು. ಅವ್ವನಿಗೆ ವಾರಕ್ಕೊಂದರಂತೆ 60,000 ಯೂನಿಟ್ಟಿನ ಪುಡಿ, ಎಂಟು ವಾರ. ಇದನ್ನು ದಿನವೂ ತೆಗೆದುಕೊಂಡು ರಕ್ತದಲ್ಲಿ ಕ್ಯಾಲ್ಸಿಯಂ ಏರಿಸಿಕೊಳ್ಳುವವರಿದ್ದಾರೆ. ಪೊಟ್ಟಣ ಕೊಡುವಾಗ "ವಾರಕ್ಕ ಒಂದs ರೀ" ಎಂದು ನಾನೀಗ ಎರಡು ಸಲ ಹೇಳುತ್ತೇನೆ.

ಎಲ್ಲ ತಲೆಸುತ್ತೂ ಹರಳಿನದಲ್ಲ. ಕಿವಿ ತುಂಬಿದ ಹಾಗಾಗಿ, ಒಳಗೆ ಗುಂಯ್ ಎಂದು, ಕೇಳುವುದು ಮಂದವಾಗಿ, 20 ನಿಮಿಷದಿಂದ ಅರ್ಧ ದಿನದವರೆಗೆ ತಿರುಗಿದರೆ ಮೆನಿಯೇರ್ ಕಾಯಿಲೆಯನ್ನು ನೋಡಬೇಕು. ಬೀಟಾಹಿಸ್ಟಿನ್ ಗುಳಿಗೆ ಬಳಕೆಯಲ್ಲಿರುವುದು ಮುಖ್ಯವಾಗಿ ಅಲ್ಲಿ, ದಿನಕ್ಕೆ 48 ಮಿಲಿಗ್ರಾಂವರೆಗೆ, ಊಟವಾದ ಮೇಲೆ. ಹೊಟ್ಟೆಹುಣ್ಣು, ಉಬ್ಬಸ ಇದ್ದವರು ಮೊದಲೇ ಹೇಳಬೇಕು. ಉಪ್ಪನ್ನೂ ಇಳಿಸಬೇಕು: ಸಾರಿಗೆ ಹಾಕುವುದಷ್ಟೇ ಅಲ್ಲ, ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಮಜ್ಜಿಗೆಮೆಣಸಿನಕಾಯಿ ಲೆಕ್ಕಕ್ಕೆ ಬರುತ್ತವೆ. ನೆಗಡಿ ಜ್ವರದ ಬೆನ್ನಿಗೆ ಒಂದೆರಡು ದಿನ ಬಿಡದೆ ತಿರುಗಿದರೆ ಸಮತೋಲನದ ನರದ ಊತವಿರಬಹುದು. ಮೊದಲ ಎರಡು ಮೂರು ದಿನ ಗುಳಿಗೆ, ಆಮೇಲೆ ಕಷ್ಟವಾದರೂ ಎದ್ದು ಓಡಾಡುವುದೇ ಮದ್ದು. ಗುಳಿಗೆಯನ್ನು ಎಳೆದರೆ ಮಿದುಳು ಹೊಂದಿಕೊಳ್ಳುವುದು ತಡವಾಗುತ್ತದೆ. ವಯಸ್ಸಾದವರು ಸಿನ್ನರಿಜಿನ್, ಪ್ರೋಕ್ಲೋರ್‌ಪೆರಜಿನ್ ಅನ್ನು ತಿಂಗಳುಗಟ್ಟಲೆ ನುಂಗಿದರೆ ಕೈ ನಡುಗಿ, ನಡಿಗೆ ನಿಧಾನವಾಗಿ, ಪಾರ್ಕಿನ್ಸನ್ ಥರದ ಲಕ್ಷಣ ಬರಬಹುದು. ಹಳೆಯ ಚೀಟಿ ತೋರಿಸಿ ವರ್ಷಗಟ್ಟಲೆ ಅದನ್ನೇ ಒಯ್ಯುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಬೆಳಕು, ಸದ್ದು ಸಹಿಸದ ತಲೆನೋವಿನವರಿಗೆ ಮೈಗ್ರೇನಿನಿಂದಲೂ ತಲೆ ತಿರುಗುತ್ತದೆ. ಟಿಬಿಗೆ ಸ್ಟ್ರೆಪ್ಟೊಮೈಸಿನ್ ಅಥವಾ ಅಮಿಕಾಸಿನ್ ಇಂಜೆಕ್ಷನ್ ತೆಗೆದುಕೊಂಡವರು ಕತ್ತಲಲ್ಲಿ ತೂರಾಡಿದರೆ ಕೂಡಲೇ ತೋರಿಸಬೇಕು.

ಎದ್ದು ನಿಂತಾಗ ಮಾತ್ರ ಕಣ್ಣು ಕತ್ತಲೆ ಬಂದರೆ ಐದು ನಿಮಿಷ ಮಲಗಿಸಿ ಬಿಪಿ ನೋಡಿ, ನಿಲ್ಲಿಸಿ ಒಂದನೇ ಮತ್ತು ಮೂರನೇ ನಿಮಿಷಕ್ಕೆ ನೋಡಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಕಾರಣ ಅಲ್ಲಿದೆ. ಬಿಪಿ ಗುಳಿಗೆ, ಪ್ರಾಸ್ಟೇಟಿನ ಗುಳಿಗೆ ನುಂಗುವವರಿಗೆ ನಮ್ಮ ಬೇಸಿಗೆಯಲ್ಲಿ ನೀರು ಕಡಿಮೆಯಾದಾಗ ಇದು ಹೆಚ್ಚು.

ವಾಸಿಯಾಗುವ ತನಕ ಬೈಕು, ಏಣಿ, ಕಾಲುವೆ ದಂಡೆ, ಬಾವಿಕಟ್ಟೆ ಬೇಡ. ರಾತ್ರಿ ಬಚ್ಚಲಿಗೆ ಹೋಗುವ ದಾರಿಯಲ್ಲಿ ಸಣ್ಣ ದೀಪವೊಂದು ಉರಿಯುತ್ತಿರಲಿ. ಅವ್ವ ಈಗ ಎಚ್ಚರವಾದ ಮೇಲೆ ಮಂಚದ ಅಂಚಿನಲ್ಲಿ ಎರಡು ನಿಮಿಷ ಕಾಲು ಇಳಿಬಿಟ್ಟು ಕೂತು ಏಳುತ್ತಾಳೆ. ಈ ಕಾಯಿಲೆ ಮರಳಿ ಬರುವಂಥದ್ದು, ಅದಕ್ಕೆ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ದೊಡ್ಡ ಅಕ್ಷರದಲ್ಲಿ "ಬಲಗಿವಿ" ಎಂದು ಬರೆದು, ಬಳ್ಳಾರಿಯ ಚೀಟಿಯನ್ನು ಅದರೊಳಗೇ ಪಿನ್ನು ಹಾಕಿ ಇಟ್ಟಿದ್ದೇವೆ.